ಐದು ಬೆರಳು ಸಮ ಇರಲ್ಲ ಅನ್ನೋ ಸವಕಲು ನೆಪ

"ಆಂಥಾಲಜಿ ಅಂದ್ಮೇಲೆ ಹಾಗೇನೆ ಕಣ್ರೀ. ಎರಡು ಚೆನ್ನಾಗಿರತ್ತೆ, ನಾಲ್ಕು ಸುಮಾರಾಗಿರತ್ತೆ, ಎರಡು ಕೆಟ್ಟದಾಗಿರತ್ತೆ. ಐದು ಬೆರಳು ಸಮ ಇರತ್ತಾ?"

ಈ ಮಾತು ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ. ದೆವ್ವ ಭೂತದ ಕಥೆಗಳ ಸೀರೀಸ್ ಯಾವುದೇ ಬರಲಿ, ವಾರಕ್ಕೊಂದು ಕಥೆ, ಕಥೆಗೊಬ್ಬ ನಿರ್ದೇಶಕ ಅನ್ನೋ ಮಾದರಿಯದ್ದಾದರೆ ಸಾಕು, ವಿಮರ್ಶೆಯ ಕೊನೇ ಸಾಲು ಮೊದಲೇ ಟೈಪ್ ಆಗಿ ಕೂತಿರತ್ತೆ: "ಎಲ್ಲಾ ಆಂಥಾಲಜಿಗಳ ಹಾಗೆ ಇದರಲ್ಲೂ ಏರುಪೇರು ಇದೆ." ಇಂಗ್ಲಿಷ್ ಪತ್ರಿಕೆಯವರು ಬರೀತಾರೆ, ಯೂಟ್ಯೂಬ್‌ನವರು ಹೇಳ್ತಾರೆ, ನಮ್ಮ ಕನ್ನಡ ಬ್ಲಾಗಿಗರೂ (ಹೌದು, ನಿಮಗೇ ಹೇಳ್ತಿರೋದು!) ಕಣ್ಣು ಮುಚ್ಕೊಂಡು ಬರೀತೀರಿ. ಇದು ವಿಮರ್ಶೆ ಅಲ್ಲ ಸ್ವಾಮಿ, ಹವಾಮಾನ ವರದಿ. "ಅಲ್ಲಲ್ಲಿ ಸಾಧಾರಣ ಮಳೆ, ಕೆಲವೆಡೆ ಒಣ ಹವೆ" ಅಂದ ಹಾಗೆ. ಮಳೆ ಯಾಕೆ ಬರಲಿಲ್ಲ ಅಂತ ಮೋಡನ ಕೇಳಕ್ಕಾಗಲ್ಲ ನಿಜ. ಆದರೆ ಕಂತು ಯಾಕೆ ಕೆಟ್ಟಿತು ಅಂತ ಮಾಡಿದವರನ್ನ ಕೇಳಬಹುದು. ಕೇಳಬೇಕು.

ಇನ್ನು ಆ ಗಾದೆ ವಿಷಯ. ಐದು ಬೆರಳು ಸಮ ಇಲ್ಲ, ಒಪ್ಪಿದೆ. ಆದರೆ ಹೆಬ್ಬೆರಳು ಗಿಡ್ಡಕ್ಕಿರೋದು ಅದು ಸೋತಿದ್ದಕ್ಕಲ್ಲ, ಅದು ಹಾಗಿದ್ದರೇ ತುತ್ತು ಹಿಡಿಯಕ್ಕಾಗೋದು. ಕಿರುಬೆರಳಿಗೂ ಒಂದು ಕೆಲಸ ಇದೆ. ಸಮ ಇಲ್ಲದಿರೋದು ಬೇರೆ, ಮುರಿದಿರೋದು ಬೇರೆ. ಮುರಿದ ಬೆರಳು ತೋರಿಸಿ "ಐದೂ ಸಮ ಇರಲ್ಲ ಬಿಡಿ" ಅನ್ನೋ ಡಾಕ್ಟರ ಹತ್ರ ನೀವು ಹೋಗ್ತೀರಾ?

ಮೊದಲು ಕಷ್ಟ ಏನು ಅಂತ ಒಪ್ಕೊಂಡುಬಿಡೋಣ. ನಾನೊಬ್ಬ ಸಾಫ್ಟ್‌ವೇರ್ ಎಂಜಿನಿಯರ್, ಹಾಗಾಗಿ ನನಗೆ ಇದು ಹೀಗೆ ಕಾಣತ್ತೆ. ಮಾಮೂಲಿ ಧಾರಾವಾಹಿ ಅಂದ್ರೆ ಒಂದೇ ಪ್ರಾಜೆಕ್ಟ್. ಮೊದಲ ಎರಡು ಕಂತಿನಲ್ಲಿ ಮನೆ ಯಾವುದು, ಅಪ್ಪ ಯಾರು, ಅಮ್ಮನ ಸಿಟ್ಟು ಯಾತಕ್ಕೆ ಅಂತ ಹೇಳಿಬಿಟ್ಟರೆ ಮುಂದಿನ ಐವತ್ತು ಕಂತಿಗೆ ಅದು ಪುಕ್ಕಟೆ. ಸೆಟ್ ಅದೇ, ಬಟ್ಟೆ ಅದೇ, ನಟರಿಗೆ ಪಾತ್ರ ಮೈಗೂಡಿರತ್ತೆ. ಮೊದಲ ವಾರ ತಪ್ಪಿದ್ದನ್ನ ನಾಲ್ಕನೇ ವಾರ ತಿದ್ದಬಹುದು. ಆಂಥಾಲಜಿಯಲ್ಲಿ ಪ್ರತಿ ವಾರ ಹೊಸ ಪ್ರಾಜೆಕ್ಟ್, ಹೊಸ ಟೀಮು, ಹಳೇ ಕೋಡ್ ಒಂದು ಸಾಲೂ ಸಿಗಲ್ಲ, ಡೆಡ್‌ಲೈನ್ ಮಾತ್ರ ಅದೇ. ಪ್ರತಿ ಕಂತೂ ಮೊದಲನೇ ಕಂತೇ. ತಿದ್ದಕ್ಕೆ ಎರಡನೇ ವಾರ ಅಂತ ಒಂದಿಲ್ಲ.

ಅದರ ಮೇಲೆ ಹಾರರ್ ಬೇರೆ. ಹಾಸ್ಯದ ಕಂತು ಅರ್ಧ ಸೋತರೂ ನಾಲ್ಕು ಜೋಕಿಗೆ ನಕ್ಕು ಎದ್ದು ಹೋಗ್ತೀವಿ. ಹೆದರಿಕೆ ಅರ್ಧ ಆಗಲ್ಲ. ಮೂವತ್ತು ನಿಮಿಷ ಕಟ್ಟಿದ ಭಯ ಒಂದು ರಬ್ಬರ್ ಮುಖವಾಡ ಕಂಡ ಕೂಡಲೇ ಕುಸಿದುಬೀಳತ್ತೆ, ಆಮೇಲೆ ಉಳಿಯೋದು ನಗು, ಅದೂ ಅವರು ಕೇಳದ ನಗು.

ಸರಿ, ಕಷ್ಟ ಇದೆ. ಆದರೆ ಈ ಕಷ್ಟ ಇವತ್ತು ಬೆಳಿಗ್ಗೆ ಗೊತ್ತಾಗಿದ್ದಲ್ಲ. 1959ರಿಂದ ಗೊತ್ತು. ಗೊತ್ತಿರೋ ಬಗ್ ಅನ್ನ ಅರವತ್ತೈದು ವರ್ಷ ಹಾಗೇ ಇಟ್ಕೊಂಡು "ಅದು ಫೀಚರ್" ಅನ್ನೋದನ್ನ ನಮ್ಮ ಫೀಲ್ಡಿನಲ್ಲೂ ಮಾಡ್ತಾರೆ, ಬಿಡಿ. ಅಲ್ಲೂ ನನಗೆ ಸಿಟ್ಟು ಬರತ್ತೆ :-)

(ಮುಂದೆ ಕೆಲವು ಕಥೆಗಳ ಗುಟ್ಟು ಸ್ವಲ್ಪ ಬಯಲಾಗತ್ತೆ. ನೋಡದವರು ಹುಷಾರು.)

ಈ ನೆಪದ ಅತಿ ದೊಡ್ಡ ಫಲಾನುಭವಿ 'ಮಾಸ್ಟರ್ಸ್ ಆಫ್ ಹಾರರ್'. ಅಮೆರಿಕದ ಶೋಟೈಮ್ ಚಾನೆಲ್ಲಿನಲ್ಲಿ 2005ರ ಅಕ್ಟೋಬರ್‌ನಿಂದ 2007ರ ಫೆಬ್ರವರಿವರೆಗೆ ಬಂತು. ಎರಡು ಸೀಸನ್, ತಲಾ 13 ಕಂತು. ಮಿಕ್ ಗ್ಯಾರಿಸ್ ಅನ್ನೋ ನಿರ್ದೇಶಕ ಲಾಸ್ ಏಂಜಲೀಸ್‌ನಲ್ಲಿ ತನ್ನ ಹಾರರ್ ಗೆಳೆಯರನ್ನೆಲ್ಲ ಊಟಕ್ಕೆ ಸೇರಿಸ್ತಿದ್ದ, ಆ ಊಟದ ಮೇಜಿನಿಂದ ಹುಟ್ಟಿದ ಸೀರೀಸ್ ಇದು. ಜಾನ್ ಕಾರ್ಪೆಂಟರ್, ಡಾರಿಯೋ ಅರ್ಜೆಂಟೋ, ಟೋಬ್ ಹೂಪರ್, ಜೋ ಡಾಂಟೆ, ಸ್ಟೂವರ್ಟ್ ಗಾರ್ಡನ್, ಜಪಾನಿನ ತಕಾಶಿ ಮೀಕೆ... ಪಟ್ಟಿ ನೋಡಿದರೆ ಮೈ ಜುಮ್ಮೆನ್ನತ್ತೆ. ಪ್ರತಿಯೊಬ್ಬರಿಗೂ ಒಂದು ಗಂಟೆ, ಸುಮಾರು ಹತ್ತು ದಿನದ ಶೂಟಿಂಗ್, ಮತ್ತು ಟೀವಿಯಲ್ಲಿ ಅಲ್ಲೀತನಕ ಕೇಳರಿಯದ ಸ್ವಾತಂತ್ರ್ಯ. ಅದನ್ನ ಮಾರಿದ್ದೇ ಹಾಗೆ: ಮಾಸ್ಟರ್‌ಗಳು, ಅಂಕೆಯಿಲ್ಲದೆ.

ಫಲಿತಾಂಶ? ಜೋ ಡಾಂಟೆಯ 'ಹೋಮ್‌ಕಮಿಂಗ್' ಇದೆ. ಇರಾಕ್ ಯುದ್ಧದಲ್ಲಿ ಸತ್ತ ಸೈನಿಕರು ಎದ್ದು ಬರ್ತಾರೆ, ಮಿದುಳು ತಿನ್ನಕ್ಕಲ್ಲ, ಓಟು ಹಾಕಕ್ಕೆ. ಯುದ್ಧ ಇನ್ನೂ ನಡೀತಿದ್ದ 2005ರಲ್ಲಿ ಅದನ್ನ ಟೀವಿಯಲ್ಲಿ ತೋರಿಸಕ್ಕೆ ಗುಂಡಿಗೆ ಬೇಕು. ಬ್ರಾಡ್ ಆಂಡರ್ಸನ್‌ನ 'ಸೌಂಡ್ಸ್ ಲೈಕ್' ಇದೆ. ಮಗನನ್ನ ಕಳ್ಕೊಂಡ ಒಬ್ಬ ಕಾಲ್ ಸೆಂಟರ್ ಸೂಪರ್‌ವೈಸರ್, ಬೇರೆಯವರ ಕರೆಗಳನ್ನ ಕದ್ದು ಕೇಳಿ ಗುಣಮಟ್ಟ ಅಳೆಯೋದೇ ಅವನ ಕೆಲಸ, ಅವನ ಕಿವಿ ದಿನೇ ದಿನೇ ಚುರುಕಾಗ್ತಾ ಹೋಗತ್ತೆ, ನಿಲ್ಲೋದೇ ಇಲ್ಲ. ಹೆಡ್‌ಫೋನ್ ಹಾಕ್ಕೊಂಡು ದಿನಕ್ಕೆ ಆರು ಮೀಟಿಂಗ್ ಕೂರೋ ನಮ್ಮಂಥವರು ಒಬ್ಬರೇ ಕೂತು ನೋಡಬಾರದ ಕಂತು ಅದು. ಇವೆರಡರ ಅಕ್ಕಪಕ್ಕದಲ್ಲೇ, ಅದೇ ಚಾನೆಲ್, ಅದೇ ಸೌಕರ್ಯ ಇಟ್ಕೊಂಡು, ಯಾಕೆ ಶುರುವಾಯ್ತು ಯಾಕೆ ಮುಗೀತು ಅಂತ ಗೊತ್ತಾಗದ ಕಂತುಗಳೂ ಇವೆ.

ಇಲ್ಲಿ "ಐದು ಬೆರಳು" ಪಾರ್ಟಿಯವರು ಹೇಳ್ತಾರೆ: "ನಿರ್ದೇಶಕರು ಬೇರೆ ಬೇರೆ ಅಲ್ವಾ, ಅದಕ್ಕೇ." ಸುಳ್ಳು. ಇದನ್ನ ಸುಳ್ಳು ಅಂತ ತೋರಿಸಕ್ಕೆ ಆ ಸೀರೀಸೇ ಒಂದು ಒಳ್ಳೇ ಟೆಸ್ಟ್ ಕೇಸ್ ಬಿಟ್ಟು ಹೋಗಿದೆ. ಜಾನ್ ಕಾರ್ಪೆಂಟರ್ ಎರಡು ಕಂತು ಮಾಡಿದ್ದಾನೆ, ಮೊದಲ ಸೀಸನ್ನಿನಲ್ಲಿ 'ಸಿಗರೆಟ್ ಬರ್ನ್ಸ್', ಎರಡನೆಯದರಲ್ಲಿ 'ಪ್ರೊ-ಲೈಫ್'. ನಿರ್ದೇಶಕ ಅವನೇ. ಬರೆದವರೂ ಅದೇ ಜೋಡಿ, ಡ್ರೂ ಮ್ಯಾಕ್‌ವೀನಿ ಮತ್ತು ಸ್ಕಾಟ್ ಸ್ವಾನ್. ಸೀರೀಸೂ ಅದೇ. ಎಲ್ಲಾ ವೇರಿಯಬಲ್‌ಗಳೂ ಅವೇ. ಮೊದಲನೆಯದು ಇಡೀ ಸೀರೀಸಿನ ಅತ್ಯುತ್ತಮ ಕಂತುಗಳಲ್ಲಿ ಒಂದು, ಎರಡನೆಯದು ನೋಡಿ ಮುಗಿಸೋದೇ ಶಿಕ್ಷೆ. ಈಗ ಹೇಳಿ, ಯಾರ ಬೆರಳು?

ನನಗೆ ಕಂಡ ಕಾರಣ ಇದು. 'ಸಿಗರೆಟ್ ಬರ್ನ್ಸ್' ಕಥೆ ಒಂದು ಗೆರೆ. ಒಬ್ಬ ಒಂದು ಕಳೆದುಹೋದ ಸಿನಿಮಾ ಹುಡುಕ್ತಾನೆ, ಒಂದೇ ಒಂದು ಸಲ ಪ್ರದರ್ಶನ ಆದಾಗ ನೋಡಿದ ಜನ ಹುಚ್ಚೆದ್ದು ರಕ್ತ ಹರಿಸಿದ ಸಿನಿಮಾ. ಅವನು ಒಬ್ಬರಿಂದ ಇನ್ನೊಬ್ಬರ ಹತ್ರ ಹೋಗ್ತಾನೆ, ಒಬ್ಬೊಬ್ಬರೂ ಸ್ವಲ್ಪ ಹೇಳ್ತಾರೆ. ಹೆಚ್ಚಿನ ಭಯ ಇರೋದು ಮಾತಿನಲ್ಲಿ, ಕೋಣೆಗಳಲ್ಲಿ. ಆ ಸಿನಿಮಾ ನಮಗೆ ಕಾಣೋದು ತುಣುಕು ತುಣುಕಾಗಿ. ಒಂದು ಗಂಟೆ, ಹತ್ತು ದಿನ, ಟೀವಿ ದುಡ್ಡು, ಇಷ್ಟರಲ್ಲಿ ಆಗೋ ಕಥೆ ಅದು. 'ಪ್ರೊ-ಲೈಫ್' ಹಾಗಲ್ಲ. ಗರ್ಭಪಾತದ ಕ್ಲಿನಿಕ್ ಮೇಲೆ ಬಂದೂಕು ಹಿಡಿದ ಅಪ್ಪ ಮತ್ತವನ ಗಂಡುಮಕ್ಕಳ ಮುತ್ತಿಗೆ, ಗುಂಡಿನ ಚಕಮಕಿ, ಮಗಳ ಹೊಟ್ಟೆಯಲ್ಲಿ ಬೆಳೀತಿರೋ ಪಿಶಾಚಿ, ಕೊನೆಗೆ ಪಿಶಾಚಿಯ ತಂದೆಯೇ ಖುದ್ದು ಹಾಜರು. ಅಮೆರಿಕವನ್ನ ಎರಡು ಹೋಳು ಮಾಡಿರೋ ವಿಷಯಾನ ಎತ್ಕೊಂಡು ಅದಕ್ಕೆ ಒಂದು ಮಾತು ಆಡಕ್ಕೂ ಪುರುಸೊತ್ತಿಲ್ಲ. ರಾಕ್ಷಸನನ್ನ ಟ್ಯೂಬ್‌ಲೈಟ್ ಬೆಳಕಲ್ಲಿ ನಿಲ್ಲಿಸಿ ತೋರಿಸ್ತಾರೆ. ಕಡಿಮೆ ಸಮಯ ಇರೋವಾಗ ಟ್ಯೂಬ್‌ಲೈಟ್ ಯಾಕೆ ಹಾಕಬೇಕು?

ಅಂದ್ರೆ ಏರುಪೇರು ಹುಟ್ಟಿದ್ದು ಶೂಟಿಂಗಿನಲ್ಲಿ ಅಲ್ಲ, ಪ್ರತಿಭೆಯಲ್ಲೂ ಅಲ್ಲ. ಯಾವ ಕಥೆ ಈ ಅಳತೆಯ ಪಾತ್ರೆಗೆ ಹಿಡಿಸತ್ತೆ ಅಂತ ಮೊದಲ ದಿನ ಯಾರೋ ಒಬ್ಬರು ಕೂತು ನೋಡಬೇಕಿತ್ತಲ್ಲ, ಅಲ್ಲಿ. ರಿಕ್ವೈರ್‌ಮೆಂಟ್ ಹಂತದಲ್ಲೇ ಕೆಟ್ಟಿದ್ದನ್ನ ಟೆಸ್ಟಿಂಗ್‌ನಲ್ಲಿ ಸರಿಮಾಡಕ್ಕಾಗಲ್ಲ ಅಂತ ನಮಗೆ ಎಂಜಿನಿಯರಿಂಗ್ ಓದೋವಾಗಲೇ ಹೇಳಿಕೊಟ್ಟಿದ್ದಾರೆ. "ಮಾಸ್ಟರ್‌ಗೆ ನೋ ಅನ್ನೋದು ಹೆಂಗೆ" ಅಂತ ಸುಮ್ಮನಿದ್ದರೆ ಅದು ಸ್ವಾತಂತ್ರ್ಯ ಅಲ್ಲ, ಬೇಜವಾಬ್ದಾರಿ.

ಪಾತ್ರೆಯ ಅಳತೆ ಅಂದೆ. ಇದಕ್ಕೆ ಸಾಕ್ಷಿ ಎಲ್ಲಾ ಆಂಥಾಲಜಿಗಳ ಅಜ್ಜ 'ದಿ ಟ್ವಿಲೈಟ್ ಜೋನ್'. 1959ರಿಂದ 1964, ಐದು ಸೀಸನ್, 156 ಕಂತು. ಅದರಲ್ಲಿ 92ನ್ನು ರಾಡ್ ಸರ್ಲಿಂಗ್ ಒಬ್ಬನೇ ಬರೆದ. ಉಳಿದಿದ್ದರಲ್ಲಿ ಹೆಚ್ಚಿನವು ರಿಚರ್ಡ್ ಮ್ಯಾಥೆಸನ್, ಚಾರ್ಲ್ಸ್ ಬೋಮಾಂಟ್ ಥರದ ಕಸುಬುದಾರರದ್ದು. ಮೊದಲ ಮೂರು ಸೀಸನ್ ಅರ್ಧ ಗಂಟೆಯ ಕಂತುಗಳು. ನಾಲ್ಕನೇ ಸೀಸನ್ನಿಗೆ, 1963ರಲ್ಲಿ, ಚಾನೆಲ್ಲಿನವರು ಒಂದು ಗಂಟೆ ಮಾಡಿ ಅಂದ್ರು. ಮಾಡಿದ್ರು, 18 ಕಂತು. ಬರೆಯೋರು ಅದೇ ಜನ. ಆದರೆ ಅರ್ಧ ಗಂಟೆಯ ಹಿಟ್ಟಿಗೆ ಇನ್ನರ್ಧ ಗಂಟೆ ನೀರು ಹಾಕಿ ಹುಯ್ದ ದೋಸೆ ಥರ ಆಯ್ತು. ಐದನೇ ಸೀಸನ್ನಿಗೆ ಮತ್ತೆ ಅರ್ಧ ಗಂಟೆಗೆ ವಾಪಸ್. ವಾಪಸ್ ಬಂದ ಕೆಲವೇ ವಾರದಲ್ಲಿ 'ನೈಟ್‌ಮೇರ್ ಅಟ್ 20,000 ಫೀಟ್' ಬಂತು. ಒಂದು ವಿಮಾನ, ಒಂದು ಕಿಟಕಿ, ರೆಕ್ಕೆ ಮೇಲೆ ಏನೋ ಕೂತಿದೆ, ಪಕ್ಕದವರ್ಯಾರೂ ನಂಬ್ತಿಲ್ಲ. ಅಷ್ಟೇ. ಇದಕ್ಕೆ ಒಂದು ಗಂಟೆ ಕೊಟ್ಟಿದ್ದರೆ ಪೈಲಟ್ಟಿನ ಸಂಸಾರದ ಕಥೆ ಕೇಳಬೇಕಾಗ್ತಿತ್ತು.

"ದುಡ್ಡಿದ್ದರೆ ಎಲ್ಲಾ ಆಗತ್ತೆ" ಅನ್ನೋರಿಗೂ ಅಲ್ಲೇ ಉತ್ತರ ಇದೆ. ಎರಡನೇ ಸೀಸನ್ನಿನಲ್ಲಿ ಖರ್ಚು ಉಳಿಸಕ್ಕೆ ಆರು ಕಂತುಗಳನ್ನ ಫಿಲಂ ಬದಲು ವಿಡಿಯೋ ಟೇಪಿನಲ್ಲಿ ಮಾಡಿದ್ರು. ನೋಡಕ್ಕೆ ಶಾಲೆ ನಾಟಕದ ರೆಕಾರ್ಡಿಂಗ್ ಥರ ಕಾಣತ್ತೆ. ಆ ಆರರಲ್ಲಿ ಒಂದು 1961ರ 'ಲಾಂಗ್ ಡಿಸ್ಟೆನ್ಸ್ ಕಾಲ್'. ಸತ್ತ ಅಜ್ಜಿ, ಮೊಮ್ಮಗನಿಗೆ ತಾನೇ ಕೊಟ್ಟ ಆಟದ ಟೆಲಿಫೋನಿನಲ್ಲಿ ಮಾತಾಡ್ತಾಳೆ. ತನಗೆ ಒಂಟಿತನ, ನೀನೂ ಬಾ ಅಂತ ಕರೀತಾಳೆ. ಕೊನೆಗೆ ಆ ಮಗುವಿನ ಅಪ್ಪ ಆಟಿಕೆ ಫೋನ್ ಕೈಯಲ್ಲಿ ಹಿಡ್ಕೊಂಡು ಸತ್ತ ತನ್ನ ತಾಯಿಯ ಹತ್ರ ಮಗನನ್ನ ಬಿಟ್ಟುಕೊಡು ಅಂತ ಅಂಗಲಾಚ್ತಾನೆ. ಖರ್ಚು: ಒಂದು ಪ್ಲಾಸ್ಟಿಕ್ ಫೋನು. ಅಜ್ಜಿ ಇರೋ ಮನೆಯಲ್ಲಿ ಬೆಳೆದ ಯಾರಾದ್ರೂ ಇದನ್ನ ನೋಡಿ ನಿದ್ದೆ ಮಾಡಿ ನೋಡೋಣ.

ಹಾಗಂತ ಸರ್ಲಿಂಗ್ ದೇವರಲ್ಲ. ಅದೇ ಕೈಯಿಂದ 'ಮಿಸ್ಟರ್ ಡಿಂಗಲ್ ದಿ ಸ್ಟ್ರಾಂಗ್' ಥರದ ನಗೆಬಾರದ ಹಾಸ್ಯ ಕಂತುಗಳೂ ಬಂದಿವೆ. ಬರೆಯೋ ಕೈ ಒಂದೇ ಆದ ಮಾತ್ರಕ್ಕೆ ಗುಣಮಟ್ಟ ಬರಲ್ಲ ಅನ್ನೋದಕ್ಕೆ ಇದೂ ಸಾಕ್ಷಿ. ಆದರೆ ಹಿಡಿತ ಕೈತಪ್ಪಿದರೆ ಏನಾಗತ್ತೆ ಅಂತ ನೋಡಬೇಕಾದ್ರೆ ಅವನದೇ ಮುಂದಿನ ಸೀರೀಸ್ ನೋಡಿ, 'ನೈಟ್ ಗ್ಯಾಲರಿ'. 1970ರಿಂದ 1973. ನಿರೂಪಕ ಸರ್ಲಿಂಗೇ, ಹಲವು ಕಥೆಗಳೂ ಅವನವೇ, ಆದರೆ ಕೊನೇ ಮಾತು ನಿರ್ಮಾಪಕ ಜ್ಯಾಕ್ ಲೇರ್ಡ್ ಅವನದ್ದು. ಒಂದು ಒಳ್ಳೇ ದೆವ್ವದ ಕಥೆ ಮುಗೀತಿದ್ದ ಹಾಗೆ ಎರಡು ನಿಮಿಷದ ಡ್ರಾಕುಲಾ ಜೋಕು ತುರುಕ್ತಿದ್ದರು. ಸರ್ಲಿಂಗ್ ಬಹಿರಂಗವಾಗೇ ಗೊಣಗಿದ. ಬಾಗಿಲಲ್ಲಿ ನಿಂತು ನಮಸ್ಕಾರ ಹೇಳೋನು ಅವನು, ಅಡುಗೆಮನೆ ಬೀಗದಕೈ ಇನ್ನೊಬ್ಬರ ಹತ್ರ. ಊಟ ಹೇಗಿರತ್ತೆ?

ಇದೇ ಬಾಗಿಲ ನಮಸ್ಕಾರ ಇವತ್ತಿಗೂ ನಡೀತಿದೆ. 2022ರ ಅಕ್ಟೋಬರ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ 'ಗಿಯೆರ್ಮೊ ಡೆಲ್ ಟೋರೋಸ್ ಕ್ಯಾಬಿನೆಟ್ ಆಫ್ ಕ್ಯೂರಿಯಾಸಿಟೀಸ್' ಬಂತು. ಎಂಟು ಕಂತು, ದಿನಕ್ಕೆರಡರಂತೆ ನಾಲ್ಕು ದಿನ. ಶೀರ್ಷಿಕೆಯಲ್ಲಿ ಅವನ ಹೆಸರು, ಪ್ರತಿ ಕಂತಿನ ಮೊದಲು ಕತ್ತಲಲ್ಲಿ ಅವನೇ ಬಂದು ನಿಲ್ತಾನೆ, ಒಂದು ಪುಟ್ಟ ಬೊಂಬೆ ಇಟ್ಟು ನಿರ್ದೇಶಕರ ಹೆಸರು ಹೇಳ್ತಾನೆ. ಎಂಟರಲ್ಲಿ ಒಂದನ್ನೂ ಅವನು ನಿರ್ದೇಶಿಸಿಲ್ಲ. ದುಡ್ಡು ಕಣ್ಣಿಗೆ ಕಾಣತ್ತೆ, ಸೆಟ್‌ಗಳು ಅದ್ಭುತ. ಡೇವಿಡ್ ಪ್ರಯರ್‌ನ 'ದಿ ಆಟಾಪ್ಸಿ' ಅಂತೂ ಒಂದು ಗಂಟೆಯನ್ನ ಹೇಗೆ ತುಂಬಬೇಕು ಅನ್ನೋದಕ್ಕೆ ಪಾಠ. ಆದರೆ ಅಲ್ಲೂ ಅದೇ ರೋಗ.

ಈಗ ಎರಡನೇ ಟೆಸ್ಟ್ ಕೇಸ್ ನೋಡಿ, ಇದು ಇನ್ನೂ ಮಜಾ ಇದೆ. ಎಚ್. ಪಿ. ಲವ್‌ಕ್ರಾಫ್ಟ್‌ನ 'ದಿ ಡ್ರೀಮ್ಸ್ ಇನ್ ದಿ ವಿಚ್ ಹೌಸ್' ಅನ್ನೋ ಒಂದೇ ಕಥೆಯನ್ನ ಇವೆರಡೂ ಸೀರೀಸ್‌ಗಳು ಎತ್ಕೊಂಡಿವೆ. 2005ರಲ್ಲಿ ಸ್ಟೂವರ್ಟ್ ಗಾರ್ಡನ್ ಮಾಡಿದ. ಹಳೇ ವಠಾರದ ಬಾಡಿಗೆ ರೂಮು, ಭೌತಶಾಸ್ತ್ರ ಓದೋ ಹುಡುಗ, ಪಕ್ಕದ ರೂಮಿನಲ್ಲಿ ಬಡ ತಾಯಿ ಮತ್ತು ಒಂದು ಎಳೆಮಗು, ಗೋಡೆ ಮೂಲೆಯಿಂದ ಬರೋ ಮನುಷ್ಯಮುಖದ ಇಲಿ. ಆ ಇಲಿಯ ಮೇಕಪ್ ನೋಡಿ ನಗು ಬರಬಹುದು. ಆದರೆ ಆ ಮಗುವಿಗೆ ಏನಾಗತ್ತೆ ಅನ್ನೋ ಒಂದೇ ಭಯ ಹಿಡ್ಕೊಂಡು ಇಡೀ ಕಂತು ನಿಂತಿದೆ, ಕೊನೆಗೆ ಅದು ಕರುಣೆ ತೋರಿಸಲ್ಲ. 2022ರಲ್ಲಿ ಕ್ಯಾಥರೀನ್ ಹಾರ್ಡ್‌ವಿಕ್ ಮಾಡಿದ್ದರಲ್ಲಿ ಹ್ಯಾರಿ ಪಾಟರ್‌ನ ರೂಪರ್ಟ್ ಗ್ರಿಂಟ್ ಇದ್ದಾನೆ, ಸೊಗಸಾದ ಕಾಡು ಇದೆ, ಖರ್ಚು ಮಾಡಿದ ಮಾಟಗಾತಿ ಇದ್ದಾಳೆ. ಜೊತೆಗೆ ಮೂಲದಲ್ಲಿಲ್ಲದ ಸತ್ತ ಅವಳಿ ತಂಗಿ, ಪ್ರೇತಲೋಕ, ಪ್ರೇತ ಸಂಶೋಧಕರ ಸಂಘ... ಏನಕ್ಕೆ ಹೆದರಬೇಕು ಅಂತ ತೀರ್ಮಾನ ಮಾಡೋದ್ರೊಳಗೆ ಕಂತು ಮುಗಿಯತ್ತೆ. ಹದಿನೇಳು ವರ್ಷ, ಕಂಪ್ಯೂಟರ್ ಗ್ರಾಫಿಕ್ಸ್, ದುಡ್ಡು ಎಲ್ಲಾ ಸೇರಿಯೂ ಹತ್ತು ದಿನದ ಕಂತಿನ ಮುಂದೆ ಸೋತಿತು. ಇದನ್ನ "ಏರುಪೇರು" ಅಂತ ಒಂದು ಪದದಲ್ಲಿ ಮುಗಿಸಿದರೆ ಗಾರ್ಡನ್‌ಗೆ ಮಾಡೋ ಅವಮಾನ ಅಲ್ವಾ?

"ಸರಿ ಮಾರಾಯಾ, ಯಾರೂ ಸರಿಯಾಗಿ ಮಾಡೇ ಇಲ್ವಾ?" ಅಂತ ನೀವು ಕೇಳ್ತೀರಿ. ಮಾಡಿದ್ದಾರೆ. ಬಿಬಿಸಿಯ 'ಇನ್‌ಸೈಡ್ ನಂಬರ್ 9'. 2014ರಿಂದ 2024, ಒಂಬತ್ತು ಸೀಸನ್, 55 ಕಂತು. ಸ್ಟೀವ್ ಪೆಂಬರ್ಟನ್, ರೀಸ್ ಶಿಯರ್‌ಸ್ಮಿತ್ ಅನ್ನೋ ಇಬ್ಬರು ಸೇರಿ ಬರೆದಿದ್ದು, ಕಥೆಗಳಲ್ಲಿ ನಟಿಸೋದೂ ಅವರೇ. ನಗು, ಭಯ ಎರಡೂ ಬೆರೆಸಿದ ಅರ್ಧ ಗಂಟೆ. ನಿಯಮ ಹೆಚ್ಚುಕಮ್ಮಿ ಒಂದೇ: ಕಥೆ 9 ಅನ್ನೋ ಅಂಕಿ ಅಂಟಿದ ಒಂದು ಜಾಗದೊಳಗೆ ನಡೀಬೇಕು. ಮೊಟ್ಟಮೊದಲ ಕಂತಂತೂ ಬಹುಪಾಲು ಒಂದು ಬಟ್ಟೆ ಬೀರುವಿನೊಳಗೆ! 'ಎ ಕ್ವಯಟ್ ನೈಟ್ ಇನ್' ಹೆಚ್ಚುಕಮ್ಮಿ ಮಾತೇ ಇಲ್ಲದ ಕಂತು. 'ದಿ 12 ಡೇಸ್ ಆಫ್ ಕ್ರಿಸ್ಟೀನ್' ಒಂದು ಫ್ಲಾಟಿನಲ್ಲಿ ಒಬ್ಬ ಹೆಣ್ಣಿನ ಬದುಕು, ಅದರ ಕೊನೆ ಇಲ್ಲಿ ಹೇಳಿದರೆ ನನಗೆ ಪಾಪ ಸುತ್ಕೊಳ್ಳತ್ತೆ.

55ರಲ್ಲಿ ಎಲ್ಲಾ ಸಮ ಇದೆಯಾ? ಇಲ್ಲ. ಕೆಲವು ನನಗೂ ಹಿಡಿಸಿಲ್ಲ. ಆದರೆ ಸೋಮಾರಿ ಕಂತು ಅಂತ ನನಗೆ ಒಂದೂ ಸಿಕ್ಕಿಲ್ಲ. ಬೆರಳು ಗಿಡ್ಡಕ್ಕಿರಬಹುದು, ಮುರಿದಿಲ್ಲ. ಕಾರಣ ಸರಳ. ಒಂದೇ ಕೋಣೆ ಅಂತ ಕೈ ಕಟ್ಟಿ ಹಾಕ್ಕೊಂಡ ಮೇಲೆ ದುಡ್ಡು ಸುರಿದು ತಪ್ಪಿಸ್ಕೊಳ್ಳೋ ದಾರಿ ಇಲ್ಲ, ಬರವಣಿಗೆಯಲ್ಲೇ ಗೆಲ್ಲಬೇಕು. ಅಲ್ಲಿ ಅಂಕೆಯಿಲ್ಲದ ಮಾಸ್ಟರ್‌ಗಳು, ಇಲ್ಲಿ ಬೀರುವಿನೊಳಗೆ ಕೂತ ಇಬ್ಬರು ಬರಹಗಾರರು. ಯಾರು ಗೆದ್ದರು ಅಂತ ನೋಡಿದವರಿಗೆ ಗೊತ್ತು.

ಈಗ ಬೈಗುಳದ ಇನ್ನೊಂದು ಅರ್ಧ, ಇದು ನೋಡೋರಿಗೆ. ಅಂದ್ರೆ ನಮಗೆ.

ಇತ್ತೀಚೆಗೆ ಒಂದು ಖಾಯಿಲೆ ಬಂದಿದೆ: ಸೀರೀಸ್ ಬಂದ ಮರುದಿನವೇ ಕಂತುಗಳಿಗೆ ರ‍್ಯಾಂಕ್ ಕೊಟ್ಟ ಪಟ್ಟಿ ಹುಡುಕೋದು, ಮೊದಲ ಮೂರು ಮಾತ್ರ ನೋಡೋದು. ಇದೂ ಅದೇ "ಏರುಪೇರು" ನೆಪದ ತಮ್ಮ. ಲೆಕ್ಕ ಬಲ್ಲ ನಾವು ಇದರಲ್ಲಿ ಬೀಳಬಾರದು. ಹತ್ತು ಜನ ನೋಡಿ ಹತ್ತೂ ಜನ ಆರು ಅಂಕ ಕೊಟ್ಟರೆ ಸರಾಸರಿ ಆರು. ಐದು ಜನ ಹತ್ತು, ಐದು ಜನ ಎರಡು ಕೊಟ್ಟರೂ ಸರಾಸರಿ ಆರೇ. ಮೊದಲನೆಯದು ಯಾರಿಗೂ ಬೇಜಾರು ಮಾಡದ, ನಾಳೆ ಬೆಳಿಗ್ಗೆ ನೆನಪಿರದ ಕಂತು. ಎರಡನೆಯದು ಅರ್ಧ ಜನರ ಎದೆಗೆ ತಾಗಿದ ಕಂತು. ಪಟ್ಟಿಯಲ್ಲಿ ಎರಡೂ ಅಕ್ಕಪಕ್ಕ ಕೂತಿರತ್ತೆ. ಕ್ಯಾಬಿನೆಟ್‌ನ 'ದಿ ಔಟ್‌ಸೈಡ್', 'ದಿ ವ್ಯೂಯಿಂಗ್' ಅಂಥವೇ. ಮೆಚ್ಚಿದವರು ಹುಚ್ಚು ಹಿಡಿದಷ್ಟು ಮೆಚ್ಚಿದರು, ಉಳಿದವರು ಅರ್ಧಕ್ಕೆ ಎದ್ದು ಹೋದರು.

ಕೆಟ್ಟ ಕಂತುಗಳಲ್ಲಿ ಎರಡು ಜಾತಿ. ಏನೋ ಮಾಡಹೋಗಿ ಬಿದ್ದಿದ್ದು ಒಂದು, ಏನೂ ಮಾಡದೆ ಕೂತಿದ್ದು ಇನ್ನೊಂದು. ತಕಾಶಿ ಮೀಕೆಯ 'ಇಂಪ್ರಿಂಟ್' ಕಂತನ್ನ ಶೋಟೈಮ್ ಅಮೆರಿಕದಲ್ಲಿ ಪ್ರಸಾರವೇ ಮಾಡಲಿಲ್ಲ, ಡಿವಿಡಿಯಲ್ಲೇ ಬರಬೇಕಾಯ್ತು. ಅಷ್ಟು ಸ್ವಾತಂತ್ರ್ಯದ ಮಾತಾಡಿದವರು! ಆ ಕಂತಿನ ಹಿಂಸೆ ನನಗೂ ಪೂರ್ತಿ ನೋಡಕ್ಕಾಗದ್ದು, ಜಪಾನಿನ ಕಥೆಗೆ ಇಂಗ್ಲಿಷ್ ಮಾತು ಕೂಡಿಸಿದ್ದು ಕಿವಿಗೆ ಒಗ್ಗಲ್ಲ. ಆದರೂ ಅದು ಮೊದಲ ಜಾತಿ. ಅದರ ಜೊತೆ ಜಗಳ ಆಡಬಹುದು. ಎರಡನೇ ಜಾತಿಯ ಜೊತೆ ಆಕಳಿಸಬಹುದು ಅಷ್ಟೇ. ಎರಡಕ್ಕೂ ಒಂದೇ ಪದ ಬಳಸೋ ವಿಮರ್ಶೆ, ಬಿದ್ದವನಿಗೂ ಮಲಗಿದವನಿಗೂ ಒಂದೇ ಅಂಕ ಕೊಟ್ಟ ಹಾಗೆ. ಹಾಗೆ ಕೊಡ್ತಾ ಹೋದರೆ ಮುಂದಿನ ವರ್ಷ ಎಲ್ಲರೂ ಮಲಗೇ ಇರ್ತಾರೆ.

ಇದಕ್ಕೆಲ್ಲ ಇಷ್ಟು ತಲೆ ಯಾಕೆ ಕೆಡಿಸ್ಕೋಬೇಕು ಅಂದ್ರೆ, ಬಲಿ ಆಗ್ತಿರೋದು ಒಂದು ಸೀರೀಸ್ ಅಲ್ಲ, ಒಂದು ಪ್ರಕಾರ. ಮಾಸ್ಟರ್ಸ್ ಆಫ್ ಹಾರರ್ ಮುಗಿದ ಮೇಲೆ ಅದೇ ಗ್ಯಾರಿಸ್ 2008ರಲ್ಲಿ ಎನ್‌ಬಿಸಿ ಚಾನೆಲ್ಲಿಗೆ 'ಫಿಯರ್ ಇಟ್‌ಸೆಲ್ಫ್' ಶುರು ಮಾಡಿದ. 13 ಕಂತು ತಯಾರಾಗಿದ್ವು, ಎಂಟು ಹಾಕಿ ಬೀಜಿಂಗ್ ಒಲಿಂಪಿಕ್ಸ್ ಅಂತ ನಿಲ್ಲಿಸಿದ ಚಾನೆಲ್ಲು ಉಳಿದ ಐದನ್ನ ಹಾಕಲೇ ಇಲ್ಲ. 2019ರಲ್ಲಿ ಜೋರ್ಡನ್ ಪೀಲ್ ನಿರೂಪಣೆಯಲ್ಲಿ ಟ್ವಿಲೈಟ್ ಜೋನ್ ಮತ್ತೆ ಬಂತು, ಅರ್ಧ ಗಂಟೆಯ ಕಥೆಗಳನ್ನ ಮುಕ್ಕಾಲು ಗಂಟೆಗೆ ಎಳೆದು ಎರಡೇ ಸೀಸನ್ನಿಗೆ, 20 ಕಂತಿಗೆ ಕಣ್ಮುಚ್ಚಿತು. ಪ್ರತಿ ಸಾವಿನ ಮೇಲೂ ಅದೇ ಷರಾ: "ಆಂಥಾಲಜಿ ಅಲ್ವಾ..." ಖಾಯಿಲೆಗೆ ಹೆಸರಿಡದೆ ಹಣೆಬರಹ ಅಂದರೆ ಔಷಧಿ ಯಾರು ಹುಡುಕ್ತಾರೆ?

ನಮ್ಮಲ್ಲೂ ನೋಡಿ. ರಾಮ್ಸೆ ಸೋದರರ 'ಜೀ ಹಾರರ್ ಶೋ' ನಾನು ಹುಟ್ಟೋದಕ್ಕೆ ಮುಂಚೆ, 1993ರಲ್ಲಿ ಶುರುವಾಗಿದ್ದು. ಬಿ. ಪಿ. ಸಿಂಗ್ ಅವರ 'ಆಹಟ್' 1995ರಲ್ಲಿ ಸೋನಿಯಲ್ಲಿ. ಆಹಟ್ ಮುಂದಿನ ಸೀಸನ್‌ಗಳನ್ನ ನಮ್ಮ ತಲೆಮಾರು ಹೊದಿಕೆಯೊಳಗಿಂದ ಒಂದು ಕಣ್ಣಲ್ಲಿ ನೋಡಿದೆ. ಎಷ್ಟೋ ಕಂತಿಗೆ ನಕ್ಕಿದ್ದೀವಿ, ಕೆಲವಕ್ಕೆ ರಾತ್ರಿ ಬಚ್ಚಲಿಗೆ ಒಬ್ಬರೇ ಹೋಗಿಲ್ಲ. ಇನ್ನು ಕಂತಿಗೊಂದು ಕಥೆ ಅನ್ನೋದು ಹೇಗಿರಬೇಕು ಅಂತ ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಿಲ್ಲ. ಶಂಕರ್ ನಾಗ್ ಆಗುಂಬೆಯಲ್ಲಿ ಕೂತು 'ಮಾಲ್ಗುಡಿ ಡೇಸ್' ಮಾಡಿ ತೋರಿಸಿದ್ದಾರೆ. ಹಿಂದಿಯಲ್ಲಿ ಬಂದರೂ ಅದು ನಮ್ಮದೇ. ಒಂದೇ ಊರು, ಒಬ್ಬ ನಿರ್ದೇಶಕ, ತಿರುಗಾ ಮುರುಗಾ ಅದೇ ತಂಡದ ನಟರು, ಅಳತೆಗೆ ತಕ್ಕ ಕಥೆಗಳು. ಅಲ್ಲಿ "ಏರುಪೇರು" ಅಂತ ಯಾರಾದ್ರೂ ಗೊಣಗಿದ್ದು ಕೇಳಿದ್ದೀರಾ? ಆರ್. ಕೆ. ನಾರಾಯಣ್ ಅವರದ್ದೇ 'ಓಲ್ಡ್ ಮ್ಯಾನ್ ಆಫ್ ದಿ ಟೆಂಪಲ್' ಅನ್ನೋ ಮೆದುವಾದ ದೆವ್ವದ ಕಥೆಯೂ ಇದೆ. ಒಂದು ರಾತ್ರಿ, ಒಂದು ಕಾರು, ಒಂದು ಹಾಳು ಗುಡಿ. ಇಪ್ಪತ್ತೈದು ನಿಮಿಷಕ್ಕೆ ಅಳೆದು ಹೊಲಿದ ಹಾಗಿದೆ.

ಅಷ್ಟು ದೂರ ಯಾಕೆ, ನಮ್ಮ ಬಾಗಿಲ ಮೇಲಿದ್ದ "ನಾಳೆ ಬಾ" ನೋಡಿ. ರಾತ್ರಿ ಬಾಗಿಲು ಬಡಿಯೋ ದೆವ್ವ, ಗುರುತಿನವರ ದನಿಯಲ್ಲಿ ಕರೆಯತ್ತೆ, ಬಾಗಿಲ ಮೇಲಿನ ಬರಹ ಓದಿ ವಾಪಸ್ ಹೋಗತ್ತೆ, ನಾಳೆ ಮತ್ತೆ ಬರತ್ತೆ. ಎರಡೇ ಪದದಲ್ಲಿ ಇಡೀ ಹಾರರ್ ಕಂತು. ಒಂದು ಬಾಗಿಲು, ಒಂದು ಸೀಮೆಸುಣ್ಣ, ಒಂದು ದನಿ. 2018ರಲ್ಲಿ ಹಿಂದಿಯವರು ಇದೇ ಥರದ ನಂಬಿಕೆಯಿಂದ 'ಸ್ತ್ರೀ' ಅನ್ನೋ ಸಿನಿಮಾ ಮಾಡಿ ದುಡ್ಡು ಎಣಿಸಿದರು. ಊರೂರಲ್ಲೂ ಇಂಥ ಕಥೆ ಇಟ್ಕೊಂಡಿರೋ ನಾವು, ಯಾರಾದರೂ ಕಿರುಗಥೆಗಳ ಸೀರೀಸ್ ಮಾಡ್ತೀನಿ ಅಂತ ಹೊರಟರೆ ದುಡ್ಡು ಹಾಕೋರ ಬಾಯಲ್ಲಿ ಕೇಳೋ ಮೊದಲ ಮಾತೇ "ಆಂಥಾಲಜಿ ಏರುಪೇರಾಗತ್ತೆ" ಅಂತಾದ್ರೆ, ಆ ಮಾತನ್ನ ಅವರ ಬಾಯಿಗೆ ಹಾಕಿಕೊಟ್ಟವರು ನಾವೇ, ನಮ್ಮ ವಿಮರ್ಶೆಗಳೇ.

ಹಾಗಾಗಿ ಇನ್ನು ಮೇಲೆ ಒಂದು ಕಂತು ಕೆಟ್ಟಿದ್ದರೆ ಬರೆಯೋ ಮೊದಲು ನಾಲ್ಕು ಪ್ರಶ್ನೆ ಕೇಳ್ಕೊಳ್ಳಿ:

1. ಕಥೆ ಆ ಸಮಯಕ್ಕೆ ಹಿಡಿಸತ್ತಾ, ಅಥವಾ ನೀರು ಹಾಕಿದ್ದಾರಾ, ತುರುಕಿದ್ದಾರಾ?
2. ಏನಕ್ಕೆ ಹೆದರಬೇಕು ಅನ್ನೋದು ಒಂದೇ ವಾಕ್ಯದಲ್ಲಿ ಹೇಳಕ್ಕಾಗತ್ತಾ?
3. ಹೆಸರು ಯಾರದ್ದು, ಕೊನೇ ಮಾತು ಯಾರದ್ದು? ಎರಡೂ ಒಬ್ಬರದ್ದೇನಾ?
4. ಬಿದ್ದಿದ್ದಾ, ಮಲಗಿದ್ದಾ?

ಇದಕ್ಕೆ ಉತ್ತರ ಬರೆದರೆ ಅದು ವಿಮರ್ಶೆ. ಮಾಡಿದವರು ಓದಿದರೆ ಅವರಿಗೂ ಉಪಯೋಗ, ನೋಡೋ ನಮಗೂ ಉಪಯೋಗ. ಇಲ್ಲ, ನನಗೆ ಅಷ್ಟು ಪುರುಸೊತ್ತಿಲ್ಲ, ಐದು ಬೆರಳು ಸಮ ಇರಲ್ಲ ಅಂತಲೇ ಬರೀತೀನಿ ಅನ್ನೋರು ಬರೀರಿ. ಆದರೆ ಟೈಪ್ ಮಾಡೋ ಮುಂಚೆ ಒಂದು ಸಲ ನಿಮ್ಮ ಕೈ ನೋಡ್ಕೊಳ್ಳಿ. ಐದೂ ಕೆಲಸ ಮಾಡ್ತಿದೆ ತಾನೇ?